ಕಪ್ಪಾಗದ ಹೂದಾನಿ

ಹೂದಾನಿ ಕಪ್ಪಾಗಲಿಲ್ಲ.

ಅಬ್ದುಲ ಮಜೀದ ದಾದಾ ಅದನ್ನು ಮತ್ತೆ ಬಿಸಿ ಮಾಡಿ, ಕೋಟೆಯ ಮಣ್ಣು ಮತ್ತು ನವಸಾಗರದ ಉಪ್ಪು ಕಲಸಿದ ನೀರಿನಲ್ಲಿ ಅದ್ದಿದರು. ಎತ್ತಿ ಒರೆಸಿದರು. ಬೂದು ಬಣ್ಣ. ಮೂರನೆಯ ಸಲವೂ ಬೂದು ಬಣ್ಣವೇ. ಎರಡು ತಿಂಗಳು ಕೂತು ಕೂರಿಸಿದ ಬೆಳ್ಳಿಯ ಬಳ್ಳಿ ಅದರಲ್ಲಿ ಎಲ್ಲಿದೆಯೋ ಹುಡುಕಬೇಕಾಗಿತ್ತು. ಬಿದರಿ ಕೆಲಸದಲ್ಲಿ ಲೋಹ ಕಪ್ಪಾದರೆ ಮಾತ್ರ ಬೆಳ್ಳಿ ಕಾಣುತ್ತದೆ.

ಬಾಗಿಲ ಬಳಿ ಅವರ ಮೊಮ್ಮಗ ಉಮೇರ ಮೊಬೈಲ್ ಹಿಡಿದು ನಿಂತಿದ್ದ. ಎಂಟನೆಯ ಕ್ಲಾಸು. ಗೇಮಿನೊಳಗೆ ಯಾರೋ ಅವನಿಗೆ ಗುಂಡು ಹೊಡೆಯುತ್ತಿದ್ದರು. ಅವನು ತಪ್ಪಿಸಿಕೊಳ್ಳಲಿಲ್ಲ. ಹೀಗೆ ಹಿಂದೆಂದೂ ಆಗಿರಲಿಲ್ಲ.

"ಮಣ್ಣು ನಾಲಿಗಿಗಿ ಹಚ್ಚಿ ನೋಡಿದ್ದಿಯಿಲ್ಲೋ ಬೇಟಾ?"

"ನೋಡಿದ್ದೆರಿ ದಾದಾ."

"ಚುರ್ ಅಂತಿತ್ತು?"

"ಹೌದರಿ."

ಆ ಮನೆಯಲ್ಲಿ ಅದೊಂದು ನಿಯಮ. ಮಣ್ಣು ತರುವವನು ಅಲ್ಲೇ ಚಿಟಿಕೆ ಬಾಯಿಗೆ ಹಾಕಿ ನೋಡಬೇಕು. ಕೋಟೆಯೊಳಗಿನ ಹಳೆಯ ಕೋಣೆಗಳಲ್ಲಿ, ಬಿಸಿಲು ಮಳೆ ಕಾಣದ ಕಡೆ, ಮಣ್ಣು ನಾಲಿಗೆಯನ್ನು ಚುರುಗುಟ್ಟಿಸುತ್ತದೆ. ಸಪ್ಪೆ ಮಣ್ಣಿನಲ್ಲಿ ಲೋಹ ಕಪ್ಪಾಗದು, ಅದನ್ನು ಬಿಟ್ಟು ಬರಬೇಕು.

ಭಾನುವಾರ ಉಮೇರ ಸೈಕಲ್ ಹತ್ತಿ ಕೋಟೆಗೆ ಹೋಗಿದ್ದೇನೋ ನಿಜ. ಆದರೆ ಗೋಡೆಯ ನೆರಳಿಗೆ ಬರುವಷ್ಟರಲ್ಲಿ ಭಾಲ್ಕಿಯ ಕುಣಾಲ ಗೇಮಿನೊಳಗಿಂದ ಕರೆದಿದ್ದ. "ಉಸ್ತಾದ, ಲಗೂ ಬಾ. ನೀ ಇಲ್ಲಂದ್ರ ನಾವು ಐದು ಮಿನಿಟಿನ್ಯಾಗ ಖಲಾಸ್."

ಕುಣಾಲನನ್ನು ಉಮೇರ ಕಣ್ಣಿಂದ ಕಂಡಿಲ್ಲ. ಆದರೂ ಅವನ ಮಾತು ಮೀರಲಾರ. ಜೂನ್‌ನಲ್ಲಿ ಉಮೇರನನ್ನು ಹಳೆಯ ಗೆಳೆಯರಿಂದ ಬಿಡಿಸಿ ಬಿ ಸೆಕ್ಷನ್‌ಗೆ ಹಾಕಿದ್ದರು. ಅಲ್ಲಿ ಅವನ ಹೆಸರು ಕೇಳಿಬರುವುದು ಹಾಜರಿ ಕರೆಯುವಾಗ ಮಾತ್ರ. ಮನೆಯಲ್ಲಿ ಅವನ ಹೆಸರು "ಏ, ನೀರ್ ತಾ". ಅಲ್ಲಿ ಉಸ್ತಾದ, ಅಂದರೆ ಗುರು, ಅನ್ನಿಸಿಕೊಳ್ಳುವವರು ದಾದಾ ಒಬ್ಬರೇ. ಗೇಮಿನಲ್ಲಿ ಮಾತ್ರ ಭಾಲ್ಕಿಯಿಂದ ಔರಾದದವರೆಗೆ ಉಮೇರನೇ ಉಸ್ತಾದ.

ಎರಡು ತಾಸು ಆಡಿದ. ಬ್ಯಾಟರಿ ಮುಗಿಯಿತು. ಕೋಣೆಯೊಳಗೆ ಕತ್ತಲಾಗಿತ್ತು. ಗೋಡೆಯ ಹೊರಗಿನ ಮಣ್ಣನ್ನೇ ಚೀಲಕ್ಕೆ ತುಂಬಿಕೊಂಡು ಬಂದ.

"ಹಂಗಾದ್ರ ತಪ್ಪು ನನ್ನದೇ," ಎಂದರು ದಾದಾ, ಚಹಾ ತಂದ ದಾದಿ ಮುನವ್ವರ ಬೇಗಂ ಕಡೆ ತಿರುಗಿ. "ನನಗ ಈ ಮಣ್ಣು ಸಪ್ಪಗ ಅನಿಸಿತ್ತು. ಇವ ಚುರ್ ಅಂತದ ಅಂದ. ಎಳೇ ನಾಲಿಗಿ, ಅವಂದೇ ಖರೆ ಇರಬೇಕು. ನನ್ನ ನಾಲಿಗಿ ಸತ್ತದ. ನವಸಾಗರದ ಹದಾನೂ ತಪ್ಪೇನಿ."

ದಾದಿ ಅಲ್ಲೇ ನಿಂತರು. "ಮತ್ತ ಮುಂಜಾನಿ ಪಲ್ಯಾದಾಗ ಉಪ್ಪು ಕಮ್ಮಿ ಅಂತ ಜಗಳ ತೆಗದ್ರಲ್ಲ, ಅದು ಯಾವ ನಾಲಿಗಿರಿ?"

"ಅದು ಜಗಳದ ನಾಲಿಗಿ. ಮಣ್ಣಿನ ನಾಲಿಗಿ ಬ್ಯಾರೆ."

ಯಾರೂ ನಗಲಿಲ್ಲ. ದಾದಾ ಉಳಿಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯಲ್ಲಿ ಸುತ್ತತೊಡಗಿದರು. "ಐವತ್ತು ವರ್ಷ ಆಯ್ತು. ಸಾಕು."

ಉಮೇರ ಆ ಗಂಟನ್ನೇ ನೋಡಿದ. ಬೈತಾರೆ ಅಂದುಕೊಂಡಿದ್ದ. ಹೊಡೀಬಹುದು ಅಂತಲೂ ಅಂದುಕೊಂಡಿದ್ದ. ತನ್ನ ಒಂದು ಮಾತಿಗೆ ದಾದಾ ತಮ್ಮ ನಾಲಿಗೆಯನ್ನೇ ಸುಳ್ಳು ಮಾಡಿಬಿಡುತ್ತಾರೆ ಎಂದು ಅಂದುಕೊಂಡಿರಲಿಲ್ಲ.

ಅಷ್ಟರಲ್ಲಿ ಮೊಬೈಲ್ ಅರಚಿತು. "ಉಸ್ತಾದ, ಎಲ್ಲಿ ಸತ್ತಿ?"

ದಾದಾ ತಲೆಯೆತ್ತಿದರು. "ಯಾರು ಕರ್ಯಾಲತ್ತಾರ ನನಗ?"

"ನಿಮಗಲ್ಲರಿ." ಉಮೇರ ಮೊಬೈಲ್ ಆಫ್ ಮಾಡಿದ. "ದಾದಾ, ನಾ ಮಣ್ಣು ಬಾಯಾಗ ಹಾಕೇ ಇಲ್ಲರಿ. ಗೇಮ್ ಆಡ್ಕೋತ ಕೂತೆ. ಗ್ವಾಡಿ ಹೊರಗಿನ ಮಣ್ಣು ತಂದೇನಿ."

ಚಹಾದ ಲೋಟ ದಾದಿಯ ಕೈಯಲ್ಲೇ ಉಳಿಯಿತು.

ದಾದಾ ಚೀಲದಿಂದ ಒಂದು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿದರು. ಕಣ್ಣು ಮುಚ್ಚಿದರು. "ಸಪ್ಪಗ," ಎಂದರು. ಮತ್ತೊಂದು ಚಿಟಿಕೆ. "ಸಪ್ಪಗ." ಕಳೆದುಹೋದ ಚಪ್ಪಲಿ ಸಿಕ್ಕವರ ಹಾಗಿತ್ತು ಮುಖ.

"ಮೊಬೈಲ್ ಒಲ್ಯಾಗ ಹಾಕ್ತೇನಿ, ತಾ ಇಲ್ಲಿ," ಎಂದರು ದಾದಿ.

ದಾದಾ ಕೈಯಾಡಿಸಿ ತಡೆದರು. "ಅವರು ನಿನಗ ಉಸ್ತಾದ ಅಂತಾರೇನು?"

"ಹೌದರಿ."

"ಯಾಕ?"

"ನಾ ಇಲ್ಲಂದ್ರ ಸೋಲ್ತಾರಂತರಿ."

ದಾದಾ ಉಳಿಗಳ ಗಂಟು ಬಿಚ್ಚಿ, ಚೀಲ ಝಾಡಿಸಿ ಅವನ ಕೈಗೆ ಕೊಟ್ಟರು. "ಬಿಸಿಲದ ಇನ್ನಾ. ಹೋಗಿ ಬಾ. ಅಷ್ಟರಾಗ ನಾ ಹೂದಾನಿ ಉಜ್ಜಿ ಇಡ್ತೇನಿ."

ಕೋಟೆಯ ಕೋಣೆಯೊಳಗೆ ಬಾವಲಿಯ ವಾಸನೆ. ಉಮೇರ ಕೂತು, ಮೂಲೆಯ ಮಣ್ಣು ಕೆದರಿ ನಾಲಿಗೆಗೆ ಹಚ್ಚಿದ. ಸಪ್ಪೆ. ಇನ್ನೊಂದು ಮೂಲೆ. ಅದೂ ಸಪ್ಪೆ. ಮೂರನೆಯ ಮೂಲೆಯಲ್ಲಿ ನಾಲಿಗೆ ಚುರ್ ಎಂದಿತು. ನಂಬಿಕೆಯಾಗದೆ ಮತ್ತೊಮ್ಮೆ ಹಚ್ಚಿದ. ಚುರ್.

ಮನೆಗೆ ಬಂದಾಗ ದಾದಾ ನೀರು ಕಾಯಿಸಿಟ್ಟಿದ್ದರು. "ಹ್ಯಾಂಗದ?"

"ಚುರ್ ಅಂತದರಿ."

ದಾದಾ ಚೀಲವನ್ನು ಹಾಗೇ ಪಾತ್ರೆಗೆ ಸುರಿದುಬಿಟ್ಟರು. ಉಮೇರ ಬೆಚ್ಚಿದ.

"ನೀವೊಮ್ಮಿ ಬಾಯಾಗ ಹಾಕಿ ನೋಡ್ರಿ ದಾದಾ."

"ಯಾಕ? ನೀ ನೋಡಿದ್ದಿಯಲ್ಲ."

ಹೂದಾನಿ ನೀರಿಗಿಳಿಯಿತು. ಉಮೇರನ ನಾಲಿಗೆಯ ತುದಿ ಇನ್ನೂ ಉರಿಯುತ್ತಿತ್ತು. ದಾದಾ ಹೂದಾನಿ ಎತ್ತಿ, ಬಟ್ಟೆಯನ್ನು ಅವನ ಕಡೆ ಚಾಚಿದರು.

"ನೀನೇ ಒರಸು."

ಅವನು ಮೆಲ್ಲಗೆ ಒರೆಸಿದ. ಬಟ್ಟೆಯ ಕೆಳಗಿನಿಂದ ಮೊದಲು ಕಪ್ಪು ಬಂತು. ಆಮೇಲೆ ಒಂದು ಬೆಳ್ಳಿಯ ಎಲೆ.