ಎಂಟು ಸಲ ಹಿಡಿದಿಟ್ಟ ಸೀಟು

ಒಬ್ಬನೇ ಮನುಷ್ಯನಿಗೆ ಎಂಟು ಸಲ ಸೀಟು ಹಿಡಿದಿಟ್ಟೆ, ಎಂಟು ಸಲವೂ ಬಿಟ್ಟುಕೊಟ್ಟೆ. ಅತ್ತೆಗೆ ಗೊತ್ತಾದರೆ ಏನು ಹೇಳಲಿ?

ಡೈರಿಯಲ್ಲಿ ಇಷ್ಟು ಬರೆದು ಅವಳು ಅದನ್ನು ಮೇಜಿನ ಖಾನೆಗೆ ತುರುಕಿದಳು. ಪದವಿ ಮುಗಿಸಿ ಸೋದರತ್ತೆಯ ಟ್ರಾವೆಲ್ ಏಜೆನ್ಸಿಯಲ್ಲಿ ಕೂತು ವರ್ಷವಾಗಿತ್ತು. ಗಿರಾಕಿಗಳ ಮುಖ ನೋಡಿ ಮಾತಾಡುವುದಕ್ಕಿಂತ ಕಂಪ್ಯೂಟರ್ ನೋಡಿಕೊಂಡು ಮಾತಾಡುವುದೇ ಅವಳಿಗೆ ಈಗಲೂ ಹಾಯೆನಿಸುತ್ತಿತ್ತು.

ಎದುರು ಸಾಲಿನ ಕನ್ನಡಕದಂಗಡಿಯವನು ಮೊದಲ ಸಲ ಬಂದದ್ದು ಎರಡು ತಿಂಗಳ ಹಿಂದೆ. ಸಮುದ್ರದಾಚೆಯ ಊರಿನಲ್ಲಿ ಅವನ ಅಣ್ಣನದೂ ಕನ್ನಡಕದಂಗಡಿ. ಆ ಅಣ್ಣನ ಕಣ್ಣೇ ಮಂಜಾಗುತ್ತ ಬಂದು, ಅಂಗಡಿ ನೋಡಿಕೊಳ್ಳಲು ತಮ್ಮನನ್ನು ಕರೆದಿದ್ದ. ಆದರೆ ಕುರ್ಚಿಯಲ್ಲಿ ಕೂತವನು ವಿಮಾನದ ಸುದ್ದಿಯನ್ನೇ ಎತ್ತಲಿಲ್ಲ; ಅವಳ ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನೇ ನೋಡಿದ.

"ಒಂದು ನಿಮಿಷ ಅದನ್ನ ಕೊಡ್ತೀರಾ? ನೋಡ್ಕೊಂಡು ಸುಮ್ಮನಿರೋಕೆ ಆಗ್ತಿಲ್ಲ ನನಗೆ."

ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ತಿರುಪು ಬಿಗಿ ಮಾಡಿದ. ಅಷ್ಟು ಹೊತ್ತೂ ಅವನು ಅವಳಿಗೆ ಬರೀ ಒಂದು ಮಸುಕು. ಕನ್ನಡಕ ಏರಿಸಿದಾಗ ಎಡಗೆನ್ನೆಯ ಗುಳಿಯ ಸಮೇತ ಎದುರಿಗಿದ್ದ. ಅವಳು ಪಟ್ಟನೆ ಕಂಪ್ಯೂಟರಿಗೆ ಕಣ್ಣು ನೆಟ್ಟು, ಎಲ್ಲಿಗೆ, ಯಾವಾಗ ಎಂದು ಕೇಳಿದಳು. ಅಣ್ಣನ ಊರಿಗೆ, ದಿನ ಇನ್ನೂ ಗಟ್ಟಿಯಾಗಿಲ್ಲ ಎಂದ.

"ಸೀಟು ಹೋಲ್ಡ್ ಮಾಡ್ಲಾ? ಮೂರು ದಿನ ಇರುತ್ತೆ. ಅಷ್ಟರಲ್ಲಿ ದುಡ್ಡು ಕಟ್ಟದಿದ್ರೆ ತಾನಾಗೇ ಹೋಗುತ್ತೆ."

"ಅದಕ್ಕೆಷ್ಟು?"

"ಏನಿಲ್ಲ."

"ಮತ್ತೆ ನಿಮಗೇನು ಗಿಟ್ಟುತ್ತೆ? ಪುಕ್ಕಟೆ ಕೆಲಸ ಮಾಡಿಸ್ಕೊಂಡ್ರೆ ನನಗೆ ತಿಂದದ್ದು ಜೀರ್ಣ ಆಗಲ್ಲ."

ಹೋಲ್ಡ್ ಮಾಡಿದ ಸೀಟಿನಿಂದ ಬಿಡಿಗಾಸೂ ಬರುವುದಿಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಿದರೆ ಈ ಮನುಷ್ಯ ಇನ್ನೊಂದೇ ಸಲ ಬರುತ್ತಾನೆ, ಹೊರಡುವುದು ಗಟ್ಟಿಯಾದ ದಿನ.

"ಪ್ರತಿ ಹೋಲ್ಡಿಗೂ ಏರ್‌ಲೈನಿನವರು ನಮಗೆ ಸ್ವಲ್ಪ ಕೊಡ್ತಾರೆ," ಎಂದಳು. ಕಿವಿ ಬಿಸಿಯಾಯಿತು.

ವಾರ ಕಳೆಯುವುದರೊಳಗೆ ಅವನು ಹಾಜರು. "ಸೀಟು ಹೋಯ್ತಾ? ಮತ್ತೆ ಹಿಡಿಯಿರಿ. ನಿಮ್ಮ ಹೊಟ್ಟೆ ಮೇಲೆ ಹೊಡೆಯೋಕಾಗುತ್ತಾ?"

"ಕಿಟಕಿ ಪಕ್ಕಾನಾ?"

"ನೀವು ಎಲ್ಲಿ ಕೂರಿಸಿದ್ರೆ ಅಲ್ಲಿ."

ಹೀಗೆ ಎಂಟು ಸಲ. ಒಂಬತ್ತನೆಯ ಸಲ ಅವನು ಬಂದು ಕೂತಿದ್ದಾಗಲೇ ಅತ್ತೆ ಒಳಗಿನಿಂದ ಕಾಗದವೊಂದನ್ನು ಹಿಡಿದು ಬಂದಳು.

"ಲೇ ಪುಟ್ಟೀ, ಏರ್‌ಲೈನಿನವರು ದಂಡ ಹಾಕಿದಾರೆ ಕಣೇ! ಒಂದೇ ಹೆಸರಿಗೆ ಎಂಟು ಸಲ ಹಿಡಿದು ಬಿಟ್ಟಿದ್ದೀಯಂತೆ. ಬುದ್ಧಿ ಎಲ್ಲಿಟ್ಟಿದ್ದೆ? ಅವರು ನಮಗೆ ಕಮಿಷನ್ ನಿಲ್ಲಿಸಿ ಎಷ್ಟು ಕಾಲ ಆಯ್ತು! ಟಿಕೆಟ್ ಕೊಟ್ಟಾಗ ಗಿರಾಕಿ ಹತ್ರ ತಗೊಳ್ಳೋ ಸರ್ವಿಸ್ ಚಾರ್ಜು, ಅವರು ಹೋಟೆಲಲ್ಲಿ ಉಳಿದು ಹೋದ್ಮೇಲೆ ಹೋಟೆಲಿನವರು ಕಳಿಸೋ ಪಾಲು, ಅದರಲ್ಲೇ ಅಲ್ವೇನೇ ನಮ್ಮ ಒಲೆ ಉರಿಯೋದು? ಜನ ಹೊರಟ್ರೆ ತಾನೇ ನಮಗೆ ಊಟ!"

ಅವನ ಮುಖದ ಗುಳಿ ಮಾಯವಾಗಿತ್ತು. "ಏನೂ ಬರ್ತಿರ್ಲಿಲ್ವಾ?" ಎಂದು ಮೆಲ್ಲಗೆ ಕೇಳಿದ.

ಅವಳು ತಲೆ ತಗ್ಗಿಸಿದಳು.

"ತಪ್ಪು ನನ್ನದಮ್ಮಾ," ಅವನು ಅತ್ತೆಯ ಕಡೆ ತಿರುಗಿದ. "ದಂಡ ನಾನೇ ಕಟ್ತೀನಿ. ಟಿಕೆಟ್ ಈಗಲೇ ಮಾಡ್ಸಿ. ಭಾನುವಾರಕ್ಕೆ. ಹೋಗೋದು ಮಾತ್ರ."

ಅತ್ತೆಯ ದನಿ ಇಳಿಯಿತು. "ಮಾಡ್ಕೊಡೇ ಪುಟ್ಟಿ. ಈ ದರದ್ದು ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ, ಅದನ್ನೂ ಹೇಳು." ಒಳಗೆ ಫೋನ್ ಹೊಡೆದುಕೊಂಡಿತು. ಅತ್ತೆ ಹೋದಳು.

ಅವಳು ಅವನ ಹೆಸರನ್ನು ಒಂಬತ್ತನೆಯ ಸಲ ಟೈಪ್ ಮಾಡಿದಳು. ನೋಡಿಕೊಳ್ಳದೆಯೇ ಬೆರಳಿಗೆ ಬರುತ್ತಿತ್ತು. ಕೊನೆಯ ಬಟನ್ ಒತ್ತುವಾಗ ಮಾತ್ರ ಬೆರಳು ನಿಂತಿತು. ಪ್ರಿಂಟರ್ ಕರಕರ ಅಂದಿತು. ರಸೀದಿಯ ತಳದಲ್ಲಿ ಸರ್ವಿಸ್ ಚಾರ್ಜಿನ ಸಾಲು. ಎರಡು ತಿಂಗಳಲ್ಲಿ ಅವನಿಂದ ಬಂದ ಮೊದಲ ಸಂಪಾದನೆ. ಅದೂ ಅವನು ಹೋಗುತ್ತಿರುವುದಕ್ಕೆ.

"ಅಣ್ಣನಿಗೆ ಈಗ ಗಿರಾಕಿಗಳ ಮುಖಾನೂ ಕಾಣಲ್ವಂತೆ," ಎಂದ ಅವನು. "ಹೋಗ್ಲೇಬೇಕಿತ್ತು, ನಾನೇ ಮುಂದೂಡ್ತಿದ್ದೆ. ನಿಮಗೆ ನಾಕು ಕಾಸು ಆಗ್ಲಿ ಅನ್ನೋದು ಬರೀ ನೆಪ. ಆ ನೆಪ ಇಲ್ದೆ ಈ ಬಾಗಿಲು ದಾಟೋ ಧೈರ್ಯ ನನಗಿರ್ಲಿಲ್ಲ."

ಅವಳು ರಸೀದಿ ಹರಿದು ಅವನ ಮುಂದಿಟ್ಟಳು.

"ಒಂದು ನಿಮಿಷ ಕೊಡಿ ಅದನ್ನ," ಎಂದು ಅವನು ಅವಳ ಕನ್ನಡಕದತ್ತ ಕೈ ಚಾಚಿದ.

ಕನ್ನಡಕ ಸಡಿಲವಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಅವಳು ತೆಗೆದು ಕೊಟ್ಟಳು. ಅವನು ತಿರುಪಿನ ಮೇಲೆ ಬಾಗಿದ. ಮತ್ತೆ ಅದೇ ಮಸುಕು. ಈ ಸಲ ಅವಳು ಕಂಪ್ಯೂಟರಿನ ಕಡೆ ತಿರುಗಲಿಲ್ಲ.

"ಹೋಲ್ಡಿಗೆ ದುಡ್ಡು ಬರುತ್ತೆ ಅಂತ ಆವತ್ತು ಯಾಕೆ ಹೇಳಿದ್ರಿ?" ಎಂದು ಕೇಳಿದ, ತಲೆಯೆತ್ತದೆ.

ಡೈರಿ ಖಾನೆಯಲ್ಲಿತ್ತು. ಅದರಲ್ಲೂ ಅವಳು ಇದನ್ನು ಬರೆದಿರಲಿಲ್ಲ. ಅವನು ಕನ್ನಡಕ ಮುಂದೆ ಚಾಚಿದ. ಅವಳು ಕೈ ಒಡ್ಡಲಿಲ್ಲ. ಮುಖ ಸ್ಪಷ್ಟವಾಗಿಬಿಟ್ಟರೆ ಬಾಯಿ ಕಟ್ಟುತ್ತದೆಂದು ಅವಳಿಗೆ ಗೊತ್ತಿತ್ತು.

"ನೀವು ಮತ್ತೆ ಬರ್ಲಿ ಅಂತ," ಎಂದಳು.