ಇಸ್ತ್ರಿ ಪೆಟ್ಟಿಗೆಯ ಸ್ಯಾಂಡ್‌ವಿಚ್

ಮೊದಲ ದಿನವೇ ಅವಳು ಸ್ಯಾಂಡ್‌ವಿಚ್ ವಾಪಸ್ ಮಾಡಿದ್ದಳು.

"ಬ್ರೆಡ್ ನೆನೆದುಹೋಗಿದೆ," ಎಂದು ತಟ್ಟೆಯನ್ನು ಗಾಜಿನ ಕೌಂಟರಿನ ಮೇಲೆ ಮೆಲ್ಲಗೆ ಸರಿಸಿದಳು. "ಟೊಮೆಟೊ ನೇರವಾಗಿ ಬ್ರೆಡ್ ಮೇಲೆ ಇಟ್ಟರೆ ಹೀಗೇ ಆಗೋದು. ಮಧ್ಯೆ ಚೀಸ್ ಇಡಬೇಕು."

ಅವನು ತಟ್ಟೆಯನ್ನೂ ಅವಳನ್ನೂ ಒಮ್ಮೆ ನೋಡಿದ. "ಹನ್ನೊಂದು ವರ್ಷದಿಂದ ಮಾಡ್ತಿದ್ದೀನಿ ಮೇಡಂ. ಯಾರೂ ಹೇಳಿರಲಿಲ್ಲ."

"ಯಾರೂ ತಿಂದು ನೋಡಿರಲಿಕ್ಕಿಲ್ಲ. ಹಸಿವಿಗೆ ನುಂಗಿರ್ತಾರೆ."

ಸಾಲಿನಲ್ಲಿ ನಿಂತವರು ನಕ್ಕರು. ಅವನು ನಗಲಿಲ್ಲ, ಆದರೆ ಅವನ ಮೀಸೆಯ ಒಂದು ತುದಿ ಮಾತು ಕೇಳದೆ ಮೇಲೇರಿತು. ಇನ್ನೊಂದು ಮಾಡಿ ಕೊಟ್ಟ. ಈ ಸಲ ಮಧ್ಯೆ ಚೀಸ್ ಇತ್ತು.

ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ 'ಡೆಲಿ' ಎಂದು ಬರೆದಿದ್ದರೂ ಜನ ಅವನ ಸ್ಯಾಂಡ್‌ವಿಚ್ ಅಂಗಡಿಯನ್ನು ಮೂಲೆ ಅಂಗಡಿ ಅಂತಲೇ ಕರೆಯುತ್ತಿದ್ದರು. ಅವಳು ಕೆಲಸಕ್ಕಿದ್ದ ಕನ್ನಡಕದ ಅಂಗಡಿ ಇದ್ದದ್ದು ರಸ್ತೆಯ ಆಚೆ. ಬೆಳಗಿನಿಂದ ಲೆನ್ಸ್ ತಿಕ್ಕಿ ತಿಕ್ಕಿ, ಒಂದು ಗಂಟೆಗೆ ಕೈ ತೊಳೆದು ರಸ್ತೆ ದಾಟಿ ಬಂದರೆ ಅರ್ಧ ಗಂಟೆ ಅವಳದು. ಕಿಟಕಿ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ಬಿಸಿ ಬ್ರೆಡ್ಡಿನ ಮೊದಲ ಕಚ್ಚು ಕರುಂ ಎನ್ನುವಾಗ ಕಣ್ಣು ಮುಚ್ಚುವಳು. ಕರಗಿದ ಚೀಸ್ ಬೆರಳಿಗೆ ಅಂಟಿದರೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನೆಕ್ಕುವಳು. ಅವನು ನೋಡುತ್ತಿದ್ದ.

"ಕನ್ನಡಕದವರೇ, ಇವತ್ತು ಪಾಸಾ, ಫೇಲಾ?"

"ಮೂವತ್ತೈದಕ್ಕೆ ಪಾಸು."

"ಮಾರ್ಕು ಕೊಡೋದ್ರಲ್ಲಿ ಭಾರಿ ಜಿಪುಣರು ನೀವು. ಆಮೇಲೆ ಇನ್ನೊಂದು ವಿಷಯ. ಈ 'ನೀವು' ಯಾವಾಗ 'ನೀನು' ಆಗೋದು?"

"ಅರುವತ್ತು ಮಾರ್ಕು ಬಂದ ದಿನ," ಎಂದು ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು. ಗಾಜಿನಲ್ಲಿ ಆ ನಗು ಅವನಿಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಆಚೆ ಅವಳ ಲೆನ್ಸ್ ತಿಕ್ಕುವ ಮೆಷಿನ್ ನಿಂತಿತ್ತು, ಈಚೆ ಅವನ ಅಂಗಡಿ ಖಾಲಿಯಾಗಿತ್ತು. ಅವತ್ತು ಏಕೋ ಅವಳು ಯಾರಿಗೂ ಹೇಳದ್ದನ್ನು ಅವನಿಗೆ ಹೇಳಿದಳು.

ಅಪ್ಪ ಬಿಟ್ಟುಹೋದ ಮೇಲೆ ಅಮ್ಮ, ಅಕ್ಕ, ಅವಳು ಒಂದೇ ಕೋಣೆಯಲ್ಲಿದ್ದರು. ಒಲೆ ಹಚ್ಚಬಾರದೆಂದು ಓನರ್ ಕಟ್ಟುನಿಟ್ಟು ಮಾಡಿದ್ದ. ಅಮ್ಮ ಊರವರ ಬಟ್ಟೆ ಇಸ್ತ್ರಿ ಮಾಡಿ ಮುಗಿಸಿ, ಪೆಟ್ಟಿಗೆ ಆರುವ ಮುಂಚೆ ಎರಡು ಬ್ರೆಡ್ಡಿನ ನಡುವೆ ಕಾಗದದಷ್ಟು ತೆಳ್ಳಗೆ ಹೆಚ್ಚಿದ ಸೇಬು, ಚೂರು ಚೀಸ್, ಮೆಣಸಿನಪುಡಿ ಇಟ್ಟು, ಬೆಣ್ಣೆ ಕಾಗದದಲ್ಲಿ ಸುತ್ತಿ, ಮೇಲೆ ಇಸ್ತ್ರಿ ಒತ್ತುತ್ತಿದ್ದಳು. ನಾವು ಇಸ್ತ್ರಿ ಪೆಟ್ಟಿಗೆಯಲ್ಲಿ ಅಡುಗೆ ಮಾಡಿಕೊಂಡವರು ಅಂತ ಯಾರ ಮುಂದೆಯೂ ಬಾಯಿ ಬಿಡಬೇಡಿ ಎಂದು ಮಕ್ಕಳಿಂದ ಆಣೆ ಹಾಕಿಸಿಕೊಂಡಿದ್ದಳು. ಅಕ್ಕ ಇವತ್ತಿಗೂ ಭಾವನಿಗೆ ಹೇಳಿರಲಿಲ್ಲ.

"ಅಮ್ಮ ಹೋಗಿ ಆರು ವರ್ಷ ಆಯ್ತು. ಆಮೇಲೆ ಅದನ್ನ ತಿಂದಿಲ್ಲ," ಎಂದಳು.

ಮಾರನೆಯ ದಿನ ಅವಳು ಕೇಳದೆಯೇ ಅವನು ಒಂದು ತಟ್ಟೆ ತಂದಿಟ್ಟ. ಅಂಚು ಚಪ್ಪಟೆಯಾಗಿ ಒತ್ತಿದ ಬ್ರೆಡ್ಡು, ಒಳಗೆ ಸೇಬು. ಒಂದು ಕಚ್ಚು ತಿಂದು ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಅವನು ಅವಳ ಕಡೆ ನೋಡದೆ, ಒರೆಸಿದ್ದ ಚಾಕುವನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತ.

"ಇದು ಮೆನು ಬೋರ್ಡಿನ ಮೇಲೆ ಬರಲ್ಲ," ಎಂದ. "ನಿಮಗೊಬ್ಬರಿಗೇ."

ಅಂದು ರಸ್ತೆ ದಾಟುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ.

ಎರಡು ತಿಂಗಳು ಹಾಗೇ ನಡೆಯಿತು. ಒಂದು ಭಾನುವಾರ ಬೆಳಗ್ಗೆ ಅಕ್ಕನ ಫೋನು.

"ಪೇಪರ್ ನೋಡಿದೆಯಾ?"

"ಇಲ್ಲ ಅಕ್ಕ. ಏನು?"

"ಪುರವಣಿ ನೋಡು. ಆಮೇಲೆ ನನಗೊಂದು ಮಾತು ಹೇಳು. ನಮ್ಮಮ್ಮ ಯಾವಾಗ ಆ ಮೂಲೆ ಅಂಗಡಿಯವನಿಗೆ ಅಮ್ಮ ಆದಳು?"

ಅರ್ಧ ಪುಟದಷ್ಟು ದೊಡ್ಡ ಫೋಟೋ. ಅವನು ಕೈಯಲ್ಲಿ ತಟ್ಟೆ ಹಿಡಿದು ನಗುತ್ತಿದ್ದ. ತಲೆಬರಹ, 'ಅಮ್ಮನ ಇಸ್ತ್ರಿ ಸ್ಯಾಂಡ್‌ವಿಚ್'. ಕೆಳಗೆ ಒಂದೇ ಕೋಣೆ, ಒಲೆ ಬೇಡವೆಂದ ಓನರ್, ಬೆಣ್ಣೆ ಕಾಗದ, ಸೇಬು, ಎಲ್ಲವೂ ಇತ್ತು. 'ನಮ್ಮಮ್ಮನ ಕೈರುಚಿ ಅದು, ಇವತ್ತಿಗೂ ಮರೆತಿಲ್ಲ,' ಎಂದು ಅವನು ಹೇಳಿದ್ದ. ಅವಳು ಎರಡು ಸಲ ಓದಿದಳು. ಓದಿ ಪೇಪರನ್ನು ಮಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಗೀರಿದಳು. ಅಳು ಬರಲಿಲ್ಲ. ಯಾರೋ ಮನೆಗೆ ನುಗ್ಗಿ, ಕಪಾಟು ತೆರೆದು, ಅಮ್ಮನ ಸೀರೆ ಉಟ್ಟು ಬೀದಿಗೆ ಹೋದ ಹಾಗಿತ್ತು.

ಸೋಮವಾರ ಒಂದು ಗಂಟೆಗೆ ಮೂಲೆ ಅಂಗಡಿಯ ಸಾಲು ಬೀದಿಗೆ ಬಂದಿತ್ತು, ಮೆನು ಬೋರ್ಡಿನ ಮೇಲೆ ಹೊಸ ಹೆಸರು ಸೇರಿತ್ತು. ಅವಳು ಕೊನೆಯಲ್ಲಿ ನಿಂತಳು. ಸರದಿ ಬಂತು.

"ಒಂದು ಅಮ್ಮನ ಇಸ್ತ್ರಿ ಸ್ಯಾಂಡ್‌ವಿಚ್ ಕೊಡು," ಎಂದಳು.

ಚಾಕು ಅವನ ಕೈಯಲ್ಲೇ ನಿಂತಿತು. ಅವನು ಅಷ್ಟು ದಿನ ಕಾದಿದ್ದ ಏಕವಚನ ಹೀಗೆ ಬಂದಿತ್ತು.

"ಒಳಗೆ ಬನ್ನಿ. ಮಾತಾಡೋಣ."

"ಸಾಲಿನಲ್ಲಿ ನಿಂತಿದ್ದೀನಿ, ಎಲ್ಲರ ಹಾಗೆ. ಕೊಡು."

ಅವನು ಮಾಡಿದ. ಈ ಸಲ ಸೇಬಿನ ಹೋಳುಗಳು ದಪ್ಪಗಾದವು. ಅವಳು ಅಲ್ಲೇ ನಿಂತು ಒಂದು ಕಚ್ಚು ತಿಂದಳು. ಅದು ಎಂದಿನಷ್ಟೇ ರುಚಿಯಾಗಿತ್ತು, ಅದೇ ಅವಳಿಗೆ ಸಹಿಸಲಾಗಲಿಲ್ಲ. ಉಳಿದದ್ದನ್ನು ಕೌಂಟರಿನ ಮೇಲಿಟ್ಟು ಹೊರಟುಹೋದಳು.

ಮೂರು ದಿನದ ಮೇಲೆ ಅವನೇ ರಸ್ತೆ ದಾಟಿ ಬಂದ. ಕನ್ನಡಕದ ಅಂಗಡಿಯ ಯಜಮಾನರು ಒಮ್ಮೆ ಇಬ್ಬರ ಮುಖ ನೋಡಿ, ಏನೋ ಹುಡುಕುವವರಂತೆ ಒಳಕೋಣೆಗೆ ಸರಿದರು.

"ಬೋರ್ಡಿನಿಂದ ತೆಗೆದೆ," ಎಂದ ಅವನು. "ಪೇಪರಿನವರಿಗೂ ಫೋನ್ ಮಾಡಿ ಹೇಳಿದೆ, ಅದು ನನ್ನ ಕಥೆ ಅಲ್ಲ ಅಂತ. ತಿದ್ದುಪಡಿ ಹಾಕ್ತಾರಂತೆ."

ಅವಳು ಲೆನ್ಸನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಮೊದಲು ಯಾಕೆ ಹಾಗೆ ಹೇಳಿದೆ?"

"ಅವರು, ನಿಮಗೆ ಈ ಕೈರುಚಿ ಯಾರಿಂದ ಬಂತು, ನಿಮ್ಮ ತಾಯಿಯ ಬಗ್ಗೆ ಹೇಳಿ ಅಂದ್ರು." ಅವನು ತಲೆ ತಗ್ಗಿಸಿದ. "ನನ್ನ ಹತ್ತಿರ ಏನಿದೆ ಹೇಳೋಕೆ? ನಾನು ಐದು ವರ್ಷದವನಿದ್ದಾಗ ನಮ್ಮಮ್ಮ ನನ್ನನ್ನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಹೋದಳು. ತಿರುಗಿ ಬರಲಿಲ್ಲ. ಒಂದು ತುತ್ತಿನ ನೆನಪೂ ಇಲ್ಲ. ನೀವು ಹೇಳಿದ ದಿನದಿಂದ ಮಲಗಿದಾಗೆಲ್ಲ ಅದೇ ಕೋಣೆ ಕಾಣ್ತಿತ್ತು, ನಾನೂ ಅಲ್ಲೇ ಬೆಳೆದ ಹಾಗೆ. ಬಾಯಿಂದ ಬಂದುಬಿಡ್ತು."

ಅವಳು ಲೆನ್ಸನ್ನು ಬಟ್ಟೆಯಿಂದ ಒರೆಸಿದಳು.

"ನಿಮ್ಮನ್ನ ಪ್ರೀತಿಸ್ತೀನಿ. ಇದನ್ನ ಹೇಳೋಕೆ ಇದು ಸಮಯ ಅಲ್ಲ, ಗೊತ್ತು. ಆದ್ರೂ ಇದೊಂದು ನನ್ನದೇ ಮಾತು."

"ಕೇಳಿದ್ದರೆ ಅಮ್ಮನಲ್ಲಿ ನಿನಗೂ ಪಾಲು ಕೊಡ್ತಿದ್ದೆ," ಎಂದಳು ಅವಳು. ದನಿಯಲ್ಲಿ ಕೋಪ ಉಳಿದಿರಲಿಲ್ಲ. "ಅಕ್ಕನ್ನ ಒಪ್ಪಿಸಿ ಕೊಡ್ತಿದ್ದೆ. ಪ್ರೀತಿ ಇಲ್ಲ ಅಂತಲ್ಲ. ನೀನು ಈಗ ನಿನ್ನ ಅಮ್ಮ ಬಿಟ್ಟುಹೋದದ್ದು ಹೇಳಿದೆಯಲ್ಲ, ನನಗೆ ಅಳು ಬರಬೇಕಿತ್ತು. ಬರ್ತಾ ಇಲ್ಲ. ಇದು ನಿಜವಾ, ಇದನ್ನೂ ಯಾರಾದರೂ ನಿನ್ನ ಅಂಗಡೀಲಿ ಕೂತು ಹೇಳಿದ್ದಾ ಅಂತ ಮನಸ್ಸು ಕೇಳ್ತಿದೆ. ಇಂಥ ಮನಸ್ಸು ಇಟ್ಕೊಂಡು ನಿನ್ನ ಜೊತೆ ಹೇಗೆ ಇರಲಿ?"

ಅವನು ಬಾಯಿ ತೆರೆದ. ಆಣೆ ಇಡಬೇಕೆಂದುಕೊಂಡನೋ ಏನೋ. ಆಮೇಲೆ ತಲೆಯಾಡಿಸಿದ.

"ನಿಜ," ಎಂದಷ್ಟೇ ಅಂದ. ಯಾವುದಕ್ಕೆ ಅಂದನೆಂದು ಅವಳಿಗೂ ತಿಳಿಯಲಿಲ್ಲ.

ಬಾಗಿಲಲ್ಲಿ ನಿಂತು ತಿರುಗಿದ. "ಇನ್ಮೇಲೆ ಮಧ್ಯಾಹ್ನಕ್ಕೆ ಏನು ತಿಂತೀರಿ?"

"ಏನೋ ಒಂದು. ಹೊಟ್ಟೆ ತುಂಬುತ್ತೆ."

ಅವನು ಮೆಟ್ಟಿಲಿಳಿದ. ಆ ಹೊತ್ತಿಗೆ ರಸ್ತೆಯಲ್ಲಿ ಬಸ್ಸು, ಲಾರಿ ಒಂದರ ಹಿಂದೊಂದು ಬರುತ್ತಿದ್ದವು. ಅವನು ಅತ್ತಿತ್ತ ನೋಡದೆ ಕಾಲಿಟ್ಟ. ಒಂದು ಕಾರು ಕಿರ್ರೆಂದು ಬ್ರೇಕ್ ಹಾಕಿತು. ಅವಳು ಕೂತಲ್ಲಿಂದ ಅರ್ಧ ಎದ್ದಿದ್ದಳು, ಕೈಯಲ್ಲಿದ್ದ ಲೆನ್ಸು ಅಂಗೈಗೆ ಒತ್ತುತ್ತಿತ್ತು. ಅವನು ಆಚೆ ದಡ ಸೇರಿ, ಅಂಗಡಿಯ ಬಾಗಿಲು ತಳ್ಳಿ ಒಳಗೆ ಹೋಗುವವರೆಗೂ ಹಾಗೆಯೇ ನಿಂತಿದ್ದಳು. ಆಮೇಲೆ ಕೂತು, ಮೆಷಿನ್ ಹಾಕಿದಳು.