ಬಿಳಿ ಬೆಕ್ಕಿನ ಕಿಟಕಿ

ಆರು ವರ್ಷದ ಹಿಂದೆ, ದೇವದುರ್ಗ ಬಿಟ್ಟು ಬರಲೊಲ್ಲದ ತಾಯಿ ಶಿವಬಸಮ್ಮನಿಗೆ ಅಕ್ಕಿ ಗಿರಣಿಯ ವಿರೂಪಣ್ಣ ವಿಭೂತಿ ಮುಟ್ಟಿ ಮಾತು ಕೊಟ್ಟಿದ್ದ: "ಯವ್ವಾ, ರಾಯಚೂರ ಮನ್ಯಾಗ ನಿನ್ನ ಬೆಕ್ಕು ಓಡಾಡೋ ಕಿಟಕಿ ಎಂದೂ ಮುಚ್ಚಂಗಿಲ್ಲ." ವಿಭೂತಿ ಮುಟ್ಟಲು ಖರ್ಚೇನಿಲ್ಲ.

ಈ ಮಾತೂ, ಆ ಬೆಕ್ಕು ಕಳೆದ ಸಂಗತಿಯೂ ನಮ್ಮ ಕಟ್ಟೆಗೆ ಬಂದದ್ದು ಹಸೀನಾ ಬೇಗಂ ಮೂಲಕ. ಊರಿಗೆ ಹೋದವರ ಬೆಕ್ಕುಗಳಿಗೆ ಹೊತ್ತುಹೊತ್ತಿಗೆ ಉಣ್ಣಿಸಿ ಬರುವುದು ಆಕೆಯ ಕಸುಬು. ಕಟ್ಟೆಯ ಮೇಲೆ ನನ್ನ ಜೊತೆ ಕೂಡುವ ಮುದುಕಪ್ಪ ಇಪ್ಪತ್ತೆಂಟು ವರ್ಷ ಕಂಡಕ್ಟರ್ ಆಗಿದ್ದ, ನಾನು ಅದೇ ಬಸ್ಸಿನ ಡ್ರೈವರ್. ಟಿಕೆಟಿಲ್ಲದೆ ನಿದ್ದೆ ನಟಿಸುವವರನ್ನು ನೋಡಿ ನೋಡಿ ಅವನಿಗೆ ಮನುಷ್ಯಜಾತಿಯ ಮೇಲೆ ಗೌರವ ಉಳಿದಿರಲಿಲ್ಲ. ಓಣಿಯಲ್ಲಿ ಏನು ಕಳೆದರೂ ಜನ ಅವನ ಬಳಿಗೇ ಬರುತ್ತಿದ್ದರು.

"ಅಣ್ಣಾ, ವಿರೂಪಣ್ಣೋರ ಮನಿಯವ್ರು ಯವ್ವನ್ನೂ ಕರ್ಕೊಂಡು ಮೂರು ದಿನ ಮಾನ್ವಿಗೆ ಮದುವಿಗೆ ಹೋಗಿದ್ರು. ಎರಡನೇ ಸಂಜಿ ಬೆಕ್ಕು ಬರ್ಲೇ ಇಲ್ಲ. ನಾನೇ ಮಾರ್ಕೊಂಡೀನಿ ಅಂತ ಓಣಿ ತುಂಬ ಹೇಳಾಕತ್ತಾರ. ಇವತ್ತೇ ಎರಡು ಮನಿಯವ್ರು ಇನ್ನ ಬರಬ್ಯಾಡ ಅಂದ್ರು."

"ಕರೆದಿಯೇನು?" ಎಂದ ಮುದುಕಪ್ಪ.

"ಅದು ಕರೆದ್ರ ಬರೋ ಬೆಕ್ಕಲ್ಲಣ್ಣಾ. ಹಿತ್ತಲ ದೀಪ ಮೂರು ಸಲ ಆರಿಸಿ ಹಚ್ತೀನಿ, ಎಲ್ಲಿದ್ರೂ ಬರ್ತದ. ಅವತ್ತು ಬರ್ಲಿಲ್ಲ."

ಹಸೀನಾಳನ್ನು ಕರೆದುಕೊಂಡು ನಾವಿಬ್ಬರೂ ಹೋದಾಗ ಶಿವಬಸಮ್ಮ ಒಳಗೆ ಊಟ ಬಿಟ್ಟು ಮಲಗಿದ್ದಳು. ವಿರೂಪಣ್ಣ ಪ್ಲಾಸ್ಟಿಕ್ ಹೊದಿಕೆ ತೆಗೆಯದ ಹೊಸ ಸೋಫಾದಲ್ಲಿ ಕುಳಿತಿದ್ದ. ಬೆಕ್ಕು ಓಡಾಡುವ ಅಡುಗೆಮನೆಯ ಕಿಟಕಿಗೆ ಹೊಸ ಜಾಲರಿ ಹೊಳೆಯುತ್ತಿತ್ತು.

"ಎರಡನೇ ದಿನ ಮಧ್ಯಾಹ್ನ ಮರೆತ ಉಡುಗೊರಿ ಒಯ್ಯಾಕ ನಾನೊಬ್ಬನೇ ಬಂದಿದ್ದೆ. ಬೆಕ್ಕು ಗೋಡಿ ಆಚಿ ಇತ್ತು. ನನ್ನ ದನಿ ಕೇಳಿ ಜಿಗಿದು ಬಂತು, ಗಟ್ಟಿಮುಟ್ಟಾಗಿತ್ತು. ಆಮ್ಯಾಲ ಈಕಿ ಕೈಯಾಗ ಕಳೀತು."

"ಈ ಜಾಲರಿ?"

"ನಿನ್ನೆ ಹಾಕಿದ್ರು, ಸೊಳ್ಳಿ ಭಾಳ. ಮದುವಿಗೆ ಹೋಗೋ ಮುಂಚೇನ ಅಳತಿ ಕೊಟ್ಟಿದ್ದೆ."

ಮುದುಕಪ್ಪ ಎದ್ದು ಹೊರಗೆ ಬಂದ. ಮಾನ್ವಿ ಕಡೆಯ ಬಸ್ಸುಗಳ ಕಂಡಕ್ಟರರಿಗೆಲ್ಲ ಫೋನ್ ಹಚ್ಚಿ, ಬಿಳಿ ಮೈ, ನೀಲಿ ಕಣ್ಣು ಎಂದು ಗುರುತು ಹೇಳಿದ. ಮರುದಿನ ಬೆಳಿಗ್ಗೆ ಮಾನ್ವಿ ಹತ್ತಿರದ ಹಿರೇಕೊಟ್ನೆಕಲ್ಲಿನ ಚಾದಂಗಡಿಯಿಂದ ಬೆಕ್ಕು ಬುಟ್ಟಿಯಲ್ಲಿ ಕುಳಿತು ಬಸ್ಸಿಳಿಯಿತು.

ಅಂದೇ ಎಲ್ಲರೂ ವಿರೂಪಣ್ಣನ ಪಡಸಾಲೆಯಲ್ಲಿ ಸೇರಿದರು. ಹಸೀನಾಳನ್ನು ಕೆಲಸ ಬಿಡಿಸಿದ್ದ ಎರಡು ಮನೆಯವರೂ ಇದ್ದರು. ಬೆಕ್ಕು ಶಿವಬಸಮ್ಮನ ತೊಡೆಯ ಮೇಲೆ ನಿದ್ದೆಹೋಗಿತ್ತು. ಮುದುಕಪ್ಪ ಅದರ ಹಿಂದೆ ನಿಂತು, ಕಿಸೆಯಿಂದ ಹಳೆಯ ಸೀಟಿ ತೆಗೆದು ಊದಿದ. ವಿರೂಪಣ್ಣನ ಚಹಾ ಸೋಫಾದ ಮೇಲೆ ಚೆಲ್ಲಿತು. ಬೆಕ್ಕಿನ ಕಿವಿ ಅಲುಗಲಿಲ್ಲ.

"ಕಿವುಡು ಬೆಕ್ಕು. ನೀಲಿ ಕಣ್ಣಿನ ಬಿಳಿ ಬೆಕ್ಕು ಎಷ್ಟೋ ಹಿಂಗ ಇರ್ತಾವ. ಹಸೀನಾ ದೀಪ ತೋರ್ಸಿ ಕರೀತೀನಿ ಅಂದಾಗ್ಲೇ ಅನುಮಾನ ಬಂತು. ಗೋಡಿ ಆಚಿ ಇದ್ದದ್ದಕ್ಕ ನಿಮ್ಮ ದನಿ ಹೆಂಗ ಕೇಳಿಸ್ತು ಧಣಿ? ಸುಳ್ಳು ಹೇಳಾಕೂ ಬೆಕ್ಕಿನ ಪರಿಚಯ ಬೇಕು."

ಶಿವಬಸಮ್ಮ ತಲೆಯಾಡಿಸಿದಳು. ಆಕೆಗೆ ಮೊದಲಿನಿಂದಲೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ.

"ಇನ್ನ ಜಾಲರಿ. ಬೆಕ್ಕು ಕಳಿಯೋ ಮುಂಚೆ ಅಳತಿ, ಕಳೆದ ಕೂಡ್ಲೆ ಜಾಲರಿ. ಹುಡುಕೋರು ಅದು ಬರೋ ದಾರಿ ಮುಚ್ತಾರೇನ್ರಿ? ಬರಂಗಿಲ್ಲಂತ ಗೊತ್ತಿದ್ದವ್ರು ಮುಚ್ತಾರ. ನೀವು ತಿರುಗಿ ಹೋದದ್ದು ಮಾನ್ವಿಗೆ. ಅದಕ್ಕ ಆ ಕಡೀನ ಕೇಳಿದೆ. ನಿಮ್ಮ ಕಾರಿನಿಂದ ಚೀಲ ಇಳಿಸಿದ್ದು ಚಾದಂಗಡಿಯವ ನೋಡ್ಯಾನ. ಸೋಫಾಕ್ಕ ಉಗುರು ತಾಗಬಾರದು, ಮಾತು ಮುರಿದಂಗೂ ಕಾಣಬಾರದು. ಬೆಕ್ಕು ಕಾಯಾಕಲ್ಲ, ಬೈಗುಳ ಹೊರಾಕ ಈಕಿನ್ನ ಕೆಲಸಕ್ಕ ಹಚ್ಚಿದ್ರಿ."

"ಒಂದು ಬೆಕ್ಕಿನ ಸಲುವಾಗಿ ಇಷ್ಟು ಮಂದಿ ಕೂಡಿಸಬೇಕೇನ್ರಿ," ಎಂದ ವಿರೂಪಣ್ಣ, ಸೋಫಾ ಒರೆಸುತ್ತ.

ಎರಡು ಮನೆಯವರು ನೆಲ ನೋಡುತ್ತ, ನಾಳೆಯಿಂದ ಬಾ ಎಂದು ಹಸೀನಾಳಿಗೆ ಹೇಳಿದರು. ನಿನ್ನೆ ಬರಬೇಡ ಎಂದದ್ದೂ ಅದೇ ಬಾಯಿ.

ಶಿವಬಸಮ್ಮ ಮಗನ ಕಡೆ ನೋಡಲಿಲ್ಲ. "ನಿಮ್ಮ ಮನಿ ಕಿಟಕಿ ತೆಗೆದಿರತದೇನವ್ವ?" ಎಂದು ಹಸೀನಾಳನ್ನು ಕೇಳಿದಳು.

"ನಮ್ಮನಿ ಕಿಟಕಿಗೆ ಬಾಗ್ಲಾನ ಇಲ್ರಿ, ಯವ್ವಾ."

ಮುದುಕಿ ಬೆಕ್ಕನ್ನು ಆಕೆಯ ಕೈಗೆ ಕೊಟ್ಟಳು. ಜಾಲರಿ ಹಾಗೇ ಉಳಿಯಿತು. ವಿರೂಪಣ್ಣ ತಾಯಿಗೆ ಕೊಟ್ಟ ಮಾತು ಮುರಿದ.